ಚುಕ್ಕಿಗೆ ಕಾಲು

ಸ್ಕೇಲಕ್ಕನ ಮೇಜಿನ ಮೇಲೆ ಸದಾ ಒಂದು ಸ್ಟೀಲಿನ ಸ್ಕೇಲು ಬಿದ್ದಿರುತ್ತಿತ್ತು. ಗೆರೆ ಎಳೆಯುವುದಕ್ಕೆ ಅದು ಬೇಕಾಗಿದ್ದದ್ದು ಹಿಂದೆ. ಕಂಪ್ಯೂಟರು ಬಂದ ಮೇಲೆ ಗೆರೆಗಳು ತಾವಾಗಿಯೇ ಬೀಳುತ್ತಿದ್ದವು. ಆದರೂ ಸ್ಕೇಲು ಮಾತ್ರ ಮೇಜು ಬಿಟ್ಟು ಕದಲಲಿಲ್ಲ. ಯಾರಾದರೂ ಕೇಳದೆ ಅವಳ ಕುರ್ಚಿ ಎಳೆದರೆ ಟಪ್ಪೆಂದು ಬಡಿಯುವುದಕ್ಕೆ, ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರೆ ಅದರ ಕುತ್ತಿಗೆಯನ್ನು ವಾಪಸು ತಿರುಗಿಸುವುದಕ್ಕೆ, ತಣ್ಣಗಾದ ಚಹಾ ಬಂದರೆ ಲೋಟವನ್ನು ತಂದವನ ಕಡೆಗೇ ತಳ್ಳುವುದಕ್ಕೆ ಅದು ಬೇಕೇ ಬೇಕಿತ್ತು. ಕಾಲು ಕೆರೆದು ಜಗಳಕ್ಕೆ ಹೋಗುವುದರಲ್ಲಿ ಅವಳದು ಎತ್ತಿದ ಕೈ. ಅವಳ ಎದುರಿನ ಮೇಜಿಗೆ ಬಂದ ಗುಮಾಸ್ತರು ಒಬ್ಬರಾದ ಮೇಲೊಬ್ಬರು ಬೇರೆ ಕೋಣೆ ಕೇಳಿಕೊಂಡು ಹೋದರು. ಹೋದವರ ಬಗ್ಗೆ ಅವಳು ಹೇಳುತ್ತಿದ್ದದ್ದು ಇಷ್ಟೇ, “ಪೀಡೆ ತೊಲಗ್ತು.”

ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಚಪ್ಪಲಿಗೆ ರಬ್ಬರಿನ ಅಟ್ಟೆ ಒತ್ತುವ ಆ ಕಾರ್ಖಾನೆಯಲ್ಲಿ ಗೇಟಿನ ಕಾವಲಿನವನಿಂದ ಹಿಡಿದು ದೊಡ್ಡ ಸಾಹೇಬರ ತನಕ ಎಲ್ಲರಿಗೂ ಅವಳು ಸ್ಕೇಲಕ್ಕ. ಅವಳನ್ನು ಅಕ್ಕ ಅನ್ನದವಳು ಇಡೀ ಕಾರ್ಖಾನೆಯಲ್ಲಿ ಒಬ್ಬಳೇ ಒಬ್ಬಳು, ಅವಳ ಒಡಹುಟ್ಟಿದ ತಂಗಿ.

ತಂಗಿ ಒಳಗಿನ ಶೆಡ್ಡಿನಲ್ಲಿ ನಾಲ್ಕನೇ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದಳು. ಕಾದ ಅಚ್ಚಿನೊಳಗೆ ರಬ್ಬರಿನ ತುಂಡು ಇಡುವುದು, ಕೈ ಹಿಂದಕ್ಕೆ ತೆಗೆಯುವುದು, ಹಿಡಿಕೆ ಎಳೆಯುವುದು, ಮೇಲಿನ ಪ್ಲೇಟು ಬಂದು ಒತ್ತಿ ಮೇಲೆದ್ದ ಮೇಲೆ ಬೆಂದ ಅಟ್ಟೆ ಕೀಳುವುದು. ದಿನವಿಡೀ ಅದೇ ಕೆಲಸ, ಅದೇ ಬಿಸಿ, ಅದೇ ನಾತ. ಅವಳನ್ನು ಅಲ್ಲಿ ನಿಲ್ಲಿಸಿದ್ದು ಸ್ಕೇಲಕ್ಕನ ಒಂದು ಮಾತು. ತಂಗಿಯ ಗಂಡ ಅವಳನ್ನು ಬಿಟ್ಟು ಹೋದಾಗ ಅಮ್ಮ ದೊಡ್ಡ ಮಗಳ ಬೆನ್ನು ಬಿದ್ದಿದ್ದಳು, ನಿನ್ನ ಆಫೀಸಿನಲ್ಲೇ ಅವಳಿಗೂ ಒಂದು ಕುರ್ಚಿ ಕೊಡಿಸು ಅಂತ. ಕುರ್ಚಿ ಖಾಲಿಯೂ ಇತ್ತು. ಸ್ಕೇಲಕ್ಕ ಹೋಗಿ ದೊಡ್ಡ ಸಾಹೇಬರನ್ನು ಕೇಳಿದಳು. ಆದರೆ ಕೇಳಿದ್ದು ಹೇಗೆ? “ಅವಳ ಅಕ್ಷರ ಕೋಳಿ ಕೆದಕಿದ ಹಾಗಿದೆ, ಆಫೀಸಿಗೆ ಆಗೋದಿಲ್ಲ. ಕೈ ಗಟ್ಟಿ ಇದೆ, ಪ್ರೆಸ್ಸಿಗೆ ಹಾಕ್ಕೊಳ್ಳಿ.” ತಂಗಿಯ ಅಕ್ಷರ ಕೋಳಿ ಕೆದಕಿದ ಹಾಗೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಹಾಗಂತ ಅದನ್ನು ಅಲ್ಲಿ ಹೋಗಿ ಹೇಳಬೇಕಿತ್ತೇ? ಆ ಮಾತು ಎರಡೇ ದಿನದಲ್ಲಿ ತಂಗಿಯ ಕಿವಿ ಮುಟ್ಟಿತು. ಅಂದಿನಿಂದ ಅಕ್ಕತಂಗಿಯರ ನಡುವೆ ನೇರ ಮಾತು ನಿಂತುಹೋಯಿತು.

ಮಾತು ನಿಂತಿತು ಅಂದರೆ ಜಗಳ ನಿಂತಿತು ಅಂತಲ್ಲ. ಒಂದೇ ಮನೆಯ ಎರಡು ಭಾಗ, ನಡುವೆ ಒಂದು ಗೋಡೆ, ಹಿತ್ತಿಲಲ್ಲಿ ಇಬ್ಬರಿಗೂ ಸೇರಿ ಒಂದೇ ನಲ್ಲಿ. ಅಮ್ಮ ಊಟಕ್ಕೆ ದೊಡ್ಡವಳ ಕಡೆ, ಮಲಗುವುದಕ್ಕೆ ಚಿಕ್ಕವಳ ಕಡೆ. ಬೆಳಗ್ಗೆ ನಲ್ಲಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತರೆ ಅವಳದು ಅಂಚೆಯವನ ಕೆಲಸ.

“ಅಮ್ಮ, ನಲ್ಲಿ ಹಿಡ್ಕೊಂಡು ಅರ್ಧ ಗಂಟೆ ಆಯ್ತು ಅಂತ ಹೇಳು ಆ ಕಡೆಯವರಿಗೆ,” ಎಂದು ತಂಗಿ ಅಕ್ಕನ ಪಕ್ಕದಲ್ಲೇ ನಿಂತು ಹೇಳುವಳು.

“ಅರ್ಧ ಗಂಟೆ ಆಯ್ತಂತೆ ಕಣೇ.”

“ಕೇಳಿಸ್ತು. ನೀರು ಸಣ್ಣಗೆ ಬಂದ್ರೆ ನಾನೇನು ಊದಲಾ ಅಂತ ಕೇಳು.”

“ಊದಲಾ ಅಂತಾಳೆ.”

“ಊದೋದು ಆಫೀಸಿನವರಿಗೆ ಚೆನ್ನಾಗಿ ಗೊತ್ತು ಅಂತ ಹೇಳು. ಯಾರ ಕಿವೀಲಿ ಏನು ಊದಬೇಕು ಅನ್ನೋದೂ ಗೊತ್ತು.”

ಅಮ್ಮ ಅದನ್ನೂ ತಲುಪಿಸುತ್ತಿದ್ದಳು, ಸ್ವಲ್ಪ ಉಪ್ಪು ಖಾರ ಹಚ್ಚಿಯೇ. ಅವಳಿಗೆ ವಯಸ್ಸಾಗಿತ್ತು, ಬೇರೆ ಕೆಲಸವಿರಲಿಲ್ಲ. ಇಬ್ಬರು ಮಕ್ಕಳೂ ತನ್ನ ಬಾಯಿಂದಲೇ ಮಾತಾಡುವುದು ಅವಳಿಗೆ ಒಳಗೊಳಗೇ ಇಷ್ಟವಾಗಿತ್ತು ಅಂತ ನನ್ನ ಅನುಮಾನ.

ಇನ್ನು ಸ್ಕೇಲಕ್ಕನ ಕೆಲಸದ ವಿಚಾರ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಅವಳ ಕೆಲಸ ಚುಕ್ಕಿ ಇಡುವುದು. ಪ್ರೆಸ್ಸಿನ ಶೆಡ್ಡಿನಲ್ಲಿ ಯಾರಿಗೆ ಪೆಟ್ಟಾದರೂ, ಕೈ ಸುಟ್ಟರೂ, ಮೇಸ್ತ್ರಿ ಅದನ್ನು ಗಾಯದ ಪುಸ್ತಕದಲ್ಲಿ ಬರೆಯುತ್ತಿದ್ದ. ಅದನ್ನು ನೋಡಿ ಅವಳು ಚಾರ್ಟಿನಲ್ಲಿ ಚುಕ್ಕಿ ಇಡಬೇಕು. ಚಾರ್ಟಿನ ಅಡ್ಡಕ್ಕೆ ಪಾಳಿಯ ಗಂಟೆಗಳು, ಒಂದರಿಂದ ಎಂಟು. ಉದ್ದಕ್ಕೆ ಪ್ರೆಸ್ಸಿನ ನಂಬರು, ಒಂದರಿಂದ ಹತ್ತು. ಪಾಳಿ ಬದಲಾದರೆ ಅದೇ ಪ್ರೆಸ್ಸಿನ ಮುಂದೆ ಬೇರೆಯವರು ನಿಲ್ಲುತ್ತಿದ್ದರು. ಎರಡನೇ ಪ್ರೆಸ್ಸಿನಲ್ಲಿ ಮೂರನೇ ಗಂಟೆಯಲ್ಲಿ ಗಾಯವಾದರೆ ಆ ಎರಡು ಗೆರೆ ಕೂಡುವ ಕಡೆ ಒಂದು ಚುಕ್ಕಿ. ನಾಲ್ಕನೇ ಗಂಟೆಗೂ ಐದನೇ ಗಂಟೆಗೂ ನಡುವೆ ಊಟದ ಬಿಡುವು ಇದ್ದದ್ದರಿಂದ ಅಲ್ಲಿ ಒಂದು ಬೂದು ಪಟ್ಟಿ. ಆ ಹೊತ್ತಿನಲ್ಲಿ ಪ್ರೆಸ್ಸು ಮುಟ್ಟುವ ಹಾಗಿಲ್ಲ, ಮುಟ್ಟಿದವರಿಗೆ ಕೆಲಸವಿಲ್ಲ.

ಈ ಕೆಲಸವನ್ನು ಅವಳಿಗೆ ಕಲಿಸಿದವರು ಮೇಷ್ಟ್ರು. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ಆಮೇಲೆ ಈ ಆಫೀಸಿಗೆ ಬಂದು ಸೇರಿದ್ದ ಸಿಡುಕಿನ ಮನುಷ್ಯ. ಅವಳ ಸಿಡುಕಿಗೂ ಅವರೇ ಗುರು ಅಂತ ಆಫೀಸಿನಲ್ಲಿ ಹೇಳುತ್ತಿದ್ದರು. ಹೊಸದರಲ್ಲಿ ಒಂದು ದಿನ ಹೊಸ ಗಾಯದ ಚುಕ್ಕಿ ಹಳೆಯ ಚುಕ್ಕಿಯ ಮೇಲೆಯೇ ಬಂತು. ಪುಸ್ತಕದಲ್ಲಿ ನಿಮಿಷ ಬರೆಯುವ ಪದ್ಧತಿ ಇರಲಿಲ್ಲ, ಎಷ್ಟನೇ ಗಂಟೆ ಅಂತ ಮಾತ್ರ. ಅದೇ ಗಂಟೆ, ಅದೇ ಪ್ರೆಸ್ಸು. ಅವಳು ಅದೇ ಚುಕ್ಕಿಯ ಮೇಲೆ ಪೆನ್ನನ್ನು ಇನ್ನೊಂದು ಸಲ ಒತ್ತಿ ಕೈ ತೊಳೆದುಕೊಂಡಳು.

“ಏನಮ್ಮ ಇದು,” ಎಂದರು ಮೇಷ್ಟ್ರು. “ಒಬ್ಬನ ಮೇಲೆ ಇನ್ನೊಬ್ಬನ್ನ ಕೂರಿಸಿದ್ದೀಯಲ್ಲ. ಕೆಳಗಿರೋನು ಯಾರಿಗೆ ಕಾಣಿಸ್ತಾನೆ?”

“ಪಕ್ಕಕ್ಕೆ ಸ್ವಲ್ಪ ಸರಿಸಿ ಇಡ್ಲಾ ಸಾರ್?”

“ಸರಿಸಿದ್ರೆ ಅವನಿಗೆ ಗಾಯ ಆದ ಜಾಗ ಬೇರೆ ಆಗುತ್ತೆ. ಯಾರನ್ನೂ ಇದ್ದ ಜಾಗದಿಂದ ಕದಲಿಸಬಾರದು. ಕಾಲು ಹಾಕು.”

ಕಾಲು ಹಾಕುವುದೆಂದರೆ ಇಷ್ಟೇ. ಒಬ್ಬನೇ ಇದ್ದರೆ ಬರೀ ಚುಕ್ಕಿ. ಇಬ್ಬರಾದರೆ ಚುಕ್ಕಿಯಿಂದ ಹೊರಕ್ಕೆ ಎರಡು ಸಣ್ಣ ಗೀಟು, ಮೂವರಾದರೆ ಮೂರು. ಚುಕ್ಕಿ ಇದ್ದಲ್ಲೇ ಇರುತ್ತದೆ, ಕಾಲು ಎಣಿಸಿದರೆ ತಲೆ ಎಷ್ಟು ಅಂತ ಗೊತ್ತಾಗುತ್ತದೆ. ಕಾಲು ಹೆಚ್ಚಾದರೆ ಚುಕ್ಕಿ ನೋಡುವುದಕ್ಕೆ ತಿಗಣೆಯ ಹಾಗೆ ಆಗುತ್ತಿತ್ತು. ಶೆಡ್ಡಿನವರು ಚಾರ್ಟಿನ ಮುಂದೆ ನಿಂತು, “ನಿನ್ನ ಪ್ರೆಸ್ಸಿಗೆ ತಿಗಣೆ ಹತ್ತಿದೆ ಕಣೋ, ಹುಷಾರು,” ಎಂದು ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ಛೇಡಿಸಿದರೂ ಅಲ್ಲಿ ಕೈ ಇಡುವಾಗ ಎಚ್ಚರ ವಹಿಸುತ್ತಿದ್ದರು.

ಮೇಷ್ಟ್ರು ನಿವೃತ್ತರಾದರು, ಕಂಪ್ಯೂಟರು ಬಂತು, ಅದರ ಹಿಂದೆಯೇ ಇಸ್ತ್ರಿ ಸಾಹೇಬರು ಬಂದರು. ಶೆಡ್ಡಿಗೆಲ್ಲ ಅವರೇ ಮ್ಯಾನೇಜರು. ಬೆಳಗ್ಗೆ ಹಾಕಿದ ಅಂಗಿಯ ಮಡಿಕೆ ಸಂಜೆಗೂ ಕೆಡದೆ ಇದ್ದದ್ದರಿಂದ ಆ ಹೆಸರು. ಅವರ ಮಾತೂ ಹಾಗೇ, ಒಂದು ಸುಕ್ಕಿಲ್ಲ, ಬಿಸಿ ಮಾತ್ರ ಒಳಗೆ. “ಗೋಡೆ ಮೇಲೆಲ್ಲ ಈ ತಿಗಣೆ ಯಾಕೆ ಸ್ಕೇಲಕ್ಕ? ಹೊರಗಿಂದ ನೋಡೋಕೆ ಬರೋರು ಏನು ತಿಳ್ಕೋತಾರೆ? ಕಂಪ್ಯೂಟರಲ್ಲಿ ಚೊಕ್ಕವಾಗಿ ಒಂದು ಚಾರ್ಟು ತೆಗೀರಿ,” ಎಂದರು.

ಫ್ಯಾನಿಗೆ ಜಗಳ ಆಡಿದವಳು, ಚಹಾಕ್ಕೆ ಜಗಳ ಆಡಿದವಳು, ಈ ಒಂದು ಮಾತಿಗೆ ತುಟಿ ಪಿಟಕ್ಕೆನ್ನಲಿಲ್ಲ. ಯಾಕೆಂದರೆ ಕಂಪ್ಯೂಟರಿನಿಂದ ಬಂದ ಚಾರ್ಟು ಅವಳ ಕಣ್ಣಿಗೂ ಚೆಂದ ಕಂಡಿತ್ತು. ಎಲ್ಲ ಚುಕ್ಕಿಯೂ ಒಂದೇ ಗಾತ್ರ, ಒಂದೇ ಕಪ್ಪು, ಗುಂಡಗೆ. ಒಬ್ಬನಿದ್ದರೂ ಒಂದು ಚುಕ್ಕಿ, ಹತ್ತು ಜನರಿದ್ದರೂ ಒಂದೇ ಚುಕ್ಕಿ. ಜಗಳ ಆಡಬೇಕಾದ ಕಡೆ ಬಾಯಿಗೆ ಬೀಗ ಹಾಕಿಕೊಂಡು ಕೂತವಳಿಗೆ ಏನನ್ನಬೇಕೋ ನನಗಂತೂ ತಿಳಿಯದು.

ಹೀಗಿರುವಾಗ ನಾಲ್ಕನೇ ಪ್ರೆಸ್ಸು ತಂಗಿಯ ಬಲಗೈ ಹಿಡಿಯಿತು. ಊಟದ ಬಿಡುವು ಮುಗಿದ ಗಂಟೆ ಹೊಡೆದಿತ್ತು, ಅವಳು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಅಚ್ಚಿನಲ್ಲಿ ರಬ್ಬರು ಇಡುತ್ತಿದ್ದಳು, ಹಿಡಿಕೆ ಎಳೆದೇ ಇರಲಿಲ್ಲ, ಮೇಲಿನ ಪ್ಲೇಟು ತಾನಾಗಿ ಬಿತ್ತು. ಎರಡು ಬೆರಳು ಹೋದವು, ಉಳಿದವು ಬೆಂದವು. ಆಸ್ಪತ್ರೆಗೆ ಸ್ಕೇಲಕ್ಕನೂ ಹೋಗಿದ್ದಳು, ಬಾಗಿಲಿನ ತನಕ. ಅಲ್ಲಿಂದ ಒಳಗೆ ಅಮ್ಮನನ್ನು ಕಳಿಸಿ, ತಾನು ಹೊರಗೆ ಬೆಂಚಿನ ಮೇಲೆ ಕೂತು ನರ್ಸಿನ ಜೊತೆ ಜಗಳ ಆಡಿದಳು.

ಕೈ ವಾಸಿಯಾಗುವ ಮೊದಲೇ ಇಸ್ತ್ರಿ ಸಾಹೇಬರ ನೋಟೀಸು ಬಂತು. ಬಿಡುವಿನ ಹೊತ್ತಿನಲ್ಲೇ ಯಾರಿಗೂ ಹೇಳದೆ ಪ್ರೆಸ್ಸು ಶುರು ಮಾಡಿದ್ದಾಳೆ, ಹೆಚ್ಚು ಜೋಡಿ ಅಟ್ಟೆ ಒತ್ತಿ ಲೆಕ್ಕ ಮುಂದೆ ಹಾಕುವ ದುರಾಸೆ, ಪುಸ್ತಕದಲ್ಲಿ ಐದನೇ ಗಂಟೆ ಅಂತ ಇರುವುದು ಮೇಸ್ತ್ರಿ ಬಂದು ನೋಡಿದ ಹೊತ್ತು, ತಪ್ಪು ಅವಳದೇ. ವಿಚಾರಣೆಯಲ್ಲಿ ಅದು ನಿಜವೆಂದಾದರೆ ಕೆಲಸವೂ ಇಲ್ಲ, ಕೈಗೆ ಪರಿಹಾರವೂ ಇಲ್ಲ. ಪ್ರೆಸ್ಸು ತಾನಾಗಿ ಬಿತ್ತು ಅನ್ನುವ ಅವಳ ಮಾತಿಗೆ ಸಾಹೇಬರ ಉತ್ತರ ಸ್ಕೇಲಕ್ಕನ ಚಾರ್ಟು. ಅದನ್ನೇ ದೊಡ್ಡದು ಮಾಡಿಸಿ ಗೇಟಿನ ಪಕ್ಕದ ಬೋರ್ಡಿಗೆ ಅಂಟಿಸಿದರು, ಕೆಳಗೊಂದು ಬರಹ: ಪ್ರೆಸ್ಸು ಕೆಟ್ಟಿದ್ದರೆ ಗಾಯಗಳು ಅಲ್ಲೇ ಹೆಚ್ಚಿರಬೇಕಿತ್ತು, ಆದರೆ ನೋಡಿ, ಎಲ್ಲ ಕಡೆಯೂ ಒಂದೊಂದೇ ಚುಕ್ಕಿ.

ತಂಗಿ ಕೈಗೆ ಬಟ್ಟೆ ಸುತ್ತಿಕೊಂಡು ಅದನ್ನು ನೋಡುವುದಕ್ಕೇ ಬಂದಳು. ಸ್ಕೇಲಕ್ಕ ಊಟದ ಡಬ್ಬಿ ಹಿಡಿದುಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದಳು. ಅಮ್ಮ ಅಲ್ಲಿಲ್ಲದ್ದರಿಂದ ಗೇಟಿನ ಕಾವಲಿನವನ ಗ್ರಹಚಾರ ಕೆಟ್ಟಿತು.

“ಕೇಳಪ್ಪ, ಇದನ್ನ ಮಾಡಿದ ಜಾಣೆಯನ್ನ,” ಎಂದಳು ತಂಗಿ. “ಇದ್ರಲ್ಲಿ ನಾನು ಯಾವ ಚುಕ್ಕಿ?”

ಕಾವಲಿನವನು ಇಬ್ಬರ ಮುಖವನ್ನೂ ನೋಡಿದ. ಸ್ಕೇಲಕ್ಕ ಬೆರಳು ಚಾಚಿ ನಾಲ್ಕನೇ ಪ್ರೆಸ್ಸು, ಐದನೇ ಗಂಟೆಯ ಚುಕ್ಕಿ ತೋರಿಸಿದಳು.

“ಇದು ಹೋದ ವರ್ಷದ ಚಾರ್ಟಲ್ಲೂ ಇತ್ತು. ಹೋದ ವರ್ಷ ನನ್ನ ಕೈ ನೆಟ್ಟಗಿತ್ತು ಅಂತ ಹೇಳು.”

“ಅದು ಮೊದಲು ಕೈ ಸುಟ್ಕೊಂಡ ಉದ್ದನೆಯವಳದು. ಇವಳು ಅದರ ಕೆಳಗಿದ್ದಾಳೆ ಅಂತ ಹೇಳು.”

“ಕೆಳಗಾ,” ಎಂದಳು ತಂಗಿ. ಅವಳ ನಗು ನೋಡುವ ಹಾಗಿರಲಿಲ್ಲ. “ಅಲ್ಲೂ ಕೆಳಗೇನಾ? ಕೈ ಕೊಟ್ಟು ಬಂದ್ರೂ ಒಂದು ಚುಕ್ಕಿಯಷ್ಟು ಜಾಗ ಕೊಡೋಕೆ ಇವರಿಂದ ಆಗ್ಲಿಲ್ವಾ ಅಂತ ಕೇಳು.”

ಕಾವಲಿನವನು ಕೇಳಲಿಲ್ಲ. ಬೀಗದ ಕೈ ಹುಡುಕುವವನಂತೆ ಒಳಗೆ ಹೋಗಿಬಿಟ್ಟ.

ಇಲ್ಲಿ ಸ್ಕೇಲಕ್ಕನ ಎದೆಯಲ್ಲಿ ತಂಗಿಯ ಮೇಲೆ ಮಮತೆ ಉಕ್ಕಿತು ಅಂತ ಯಾರೂ ತಿಳಿಯಬೇಡಿ. ಅವಳಿಗೆ ಮೈಯೆಲ್ಲ ಉರಿಯಿತು. ತನ್ನ ಚಾರ್ಟನ್ನು ತನ್ನ ಎದುರೇ ಹೀಗೆ ಆಡಿಕೊಂಡಳಲ್ಲ ಅಂತ ತಂಗಿಯ ಮೇಲೆ ಸಿಟ್ಟು, ತನ್ನ ಚುಕ್ಕಿಯನ್ನು ಇಟ್ಟುಕೊಂಡೇ ತನ್ನ ಮನೆಯವಳ ಅನ್ನಕ್ಕೆ ಕಲ್ಲು ಹಾಕಲು ಹೊರಟ ಇಸ್ತ್ರಿ ಸಾಹೇಬರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಅದೊಂದು ಚುಕ್ಕಿಯ ಕೆಳಗೆ ಎಷ್ಟು ಜನ ಇದ್ದಾರೆ ಅನ್ನುವುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು?

ಹೊಸ ಚಾರ್ಟು ಮಾಡುವುದಕ್ಕೆ ಕೂತಳು. ಚುಕ್ಕಿಗಳನ್ನು ತೆಳು ಬಣ್ಣದಲ್ಲಿ ಇಟ್ಟರೆ ಒಂದರ ಮೇಲೊಂದು ಬಿದ್ದ ಕಡೆ ದಟ್ಟವಾಗಿ ಕಾಣಬೇಕು. ತೆರೆಯ ಮೇಲೆ ಚೆನ್ನಾಗಿಯೇ ಕಂಡಿತು. ಆಫೀಸಿನ ಹಾಳು ಪ್ರಿಂಟರಿಗೆ ತೆಳು ಅನ್ನುವುದೇ ಗೊತ್ತಿರಲಿಲ್ಲ, ಎಲ್ಲಕ್ಕೂ ಮಸಿ ಬಳಿದು ಕೊಟ್ಟಿತು. ಆಮೇಲೆ ನಡುವೆ ತೂತಿರುವ ಉಂಗುರ ಇಟ್ಟು ನೋಡಿದಳು. ಉಂಗುರದ ಮೇಲೆ ಅಷ್ಟೇ ಗಾತ್ರದ ಉಂಗುರ ಕೂತರೆ ಮತ್ತೆ ಒಂದೇ ಉಂಗುರ. ಕೊನೆಗೆ ಕಂಪ್ಯೂಟರಿನಲ್ಲಿ ಚುಕ್ಕಿಗಳನ್ನು ಅಲ್ಲಾಡಿಸುವ ಒಂದು ಉಪಾಯ ಸಿಕ್ಕಿತು. ಒತ್ತಿದರೆ ಪ್ರತಿ ಚುಕ್ಕಿಯೂ ತನ್ನ ಜಾಗದಿಂದ ಅತ್ತಲೋ ಇತ್ತಲೋ ಒಂದಿಷ್ಟು ಸರಿಯುತ್ತದೆ, ಯಾವುದು ಯಾವ ಕಡೆ ಅಂತ ಹೇಳುವ ಹಾಗಿಲ್ಲ. ಒತ್ತಿದಳು. ನಾಲ್ಕನೇ ಪ್ರೆಸ್ಸು, ಐದನೇ ಗಂಟೆಯ ಆ ಒಂಟಿ ಚುಕ್ಕಿ ಒಡೆದು, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಚುಕ್ಕಿಯೋ ಚುಕ್ಕಿ. ಬೇರೆ ಎಲ್ಲೂ ಹಾಗಿಲ್ಲ.

ಮೇಷ್ಟ್ರು ಹೇಳಿದ್ದು ಅವಳಿಗೆ ನೆನಪಿರಲಿಲ್ಲವೇ? ಇತ್ತು. ಆದರೆ ಕಾಲು ಹಾಕುವುದು ಹಳೆಯ ಕಾಲದ ಕೈಕೆಲಸ, ಇಸ್ತ್ರಿ ಸಾಹೇಬರ ಮುಖಕ್ಕೆ ಅವರ ಕಂಪ್ಯೂಟರಿನಿಂದಲೇ ಮಂಗಳಾರತಿ ಎತ್ತಬೇಕು ಅಂತ ಅವಳಿಗೆ ಹಟ. ಯಾರೂ ಸುಳ್ಳು ಅನ್ನದಿರಲಿ ಅಂತ ಪ್ರತಿ ಚುಕ್ಕಿಯ ಪಕ್ಕದಲ್ಲೂ ಗಾಯವಾದವರ ಹಾಜರಿಯ ಟೋಕನ್ ನಂಬರನ್ನು ಸಣ್ಣದಾಗಿ ಹಾಕಿದಳು. ಪ್ರಿಂಟು ತೆಗೆದು, ಮಡಿಸಿ, ಸ್ಕೇಲಿನ ಜೊತೆ ಚೀಲಕ್ಕೆ ಸೇರಿಸಿದಳು. ಇನ್ನೊಂದು ಸಲ ಕಣ್ಣಾಡಿಸಲಿಲ್ಲ. ತನ್ನ ಕೆಲಸದಲ್ಲಿ ತಪ್ಪು ಹುಡುಕುವುದು ಅವಳಿಗೆ ಅಭ್ಯಾಸವಿರಲಿಲ್ಲ, ಬೇರೆಯವರದರಲ್ಲಿ ಮಾತ್ರ.

“ನಾಳೆ ಬಾಯಿ ಮುಚ್ಕೊಂಡು ಕೂತ್ಕೊಳ್ಳೋಕೆ ಹೇಳು ಅವಳಿಗೆ,” ಎಂದಳು ನಲ್ಲಿಯ ಹತ್ತಿರ ಅಮ್ಮನಿಗೆ. “ಮಾತಾಡೋಳು ನಾನು.”

“ಇವರನ್ನ ಕರೆದೋರು ಯಾರು ಅಂತ ಕೇಳು,” ಎಂದಳು ತಂಗಿ.

ವಿಚಾರಣೆ ನಡೆದದ್ದು ಕ್ಯಾಂಟೀನಿನಲ್ಲಿ. ಉದ್ದದ ಮೇಜುಗಳನ್ನು ಗೋಡೆಗೆ ಒತ್ತರಿಸಿ ಒಂದನ್ನು ಮಾತ್ರ ನಡುವೆ ಹಾಕಿದ್ದರು. ತೊಳೆದ ತಟ್ಟೆಗಳ ಒದ್ದೆ ವಾಸನೆ ಇನ್ನೂ ಇತ್ತು. ವಿಚಾರಣೆಗೆ ಹೊರಗಿನಿಂದ ಕರೆಸಿದ್ದ ಅಧಿಕಾರಿ ವಯಸ್ಸಾದವರು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಅವರ ಮುಂದೆ ಗಾಯದ ಪುಸ್ತಕ, ಹಿಂದಿನ ಗೋಡೆಗೆ ಇಸ್ತ್ರಿ ಸಾಹೇಬರು ತೂಗುಹಾಕಿಸಿದ ಆಫೀಸಿನ ಚಾರ್ಟು. ಪಾಳಿ ಮುಗಿಸಿದ ಶೆಡ್ಡಿನ ಹೆಂಗಸರು, ಗಂಡಸರು ಹಿಂದೆ ಬಾಗಿಲಿನ ತನಕ ನಿಂತಿದ್ದರು. ತಂಗಿ ಒಂದು ಮೂಲೆಯಲ್ಲಿ, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಸ್ಕೇಲಕ್ಕ ತನ್ನ ಚಾರ್ಟನ್ನು ಮೇಜಿನ ಮೇಲೆ ಹರಡಿದಳು. ಅಧಿಕಾರಿ ಬಗ್ಗಿ ನೋಡಿದರು. “ಇಷ್ಟೊಂದು ಜನಾನಾ ಒಂದೇ ಕಡೆ?” ಎಂದು ಲೋಟ ಕೆಳಗಿಟ್ಟರು. ಸ್ಕೇಲಕ್ಕ ಗೆದ್ದವಳ ಹಾಗೆ ಇಸ್ತ್ರಿ ಸಾಹೇಬರ ಕಡೆ ನೋಡಿದಳು. ಸಾಹೇಬರು ಅವಸರ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು ಚಾರ್ಟನ್ನು ನಿಧಾನವಾಗಿ ನೋಡಿದರು.

“ಈ ಬೂದು ಪಟ್ಟಿ ಏನು ಸ್ಕೇಲಕ್ಕ?”

“ಊಟದ ಬಿಡುವು. ನಿಮಗೆ ಗೊತ್ತಿಲ್ವಾ?”

“ಗೊತ್ತು. ಆ ಪಟ್ಟಿಯೊಳಗೆ ಒಂದು ಚುಕ್ಕಿ ಇದೆ. ಅದರ ಟೋಕನ್ ನಂಬರು ಸ್ವಲ್ಪ ಗಟ್ಟಿಯಾಗಿ ಓದ್ತೀರಾ?”

ಅವಳು ಬಗ್ಗಿದಳು. ನೋಡಿದಳು. ಓದಲಿಲ್ಲ. ಅದು ತಂಗಿಯ ನಂಬರು. ಅಲ್ಲಾಡಿಸಿದ ಕಂಪ್ಯೂಟರು ಆ ಗುಂಪಿನಲ್ಲಿ ಎಲ್ಲರನ್ನೂ ಬಿಟ್ಟು ತಂಗಿಯನ್ನೇ ದೂರಕ್ಕೆ ಎಸೆದು, ಸರಿಯಾಗಿ ಬಿಡುವಿನ ಹೊತ್ತಿಗೆ ಬೀಳಿಸಿತ್ತು.

“ಅದು ಕಂಪ್ಯೂಟರು ಸರಿಸಿದ್ದು ಸಾರ್,” ಎಂದಳು ಅಧಿಕಾರಿಗೆ. “ಒಂದರ ಮೇಲೊಂದು ಇದ್ವು, ಕಾಣಲಿ ಅಂತ ಎಲ್ಲಾನೂ ಸ್ವಲ್ಪ ಸ್ವಲ್ಪ ಅಲ್ಲಾಡಿಸಿದೆ.”

“ಅಂದ್ರೆ ಇದ್ರಲ್ಲಿ ಯಾವ ಚುಕ್ಕೀನೂ ಅದರ ಜಾಗದಲ್ಲಿಲ್ಲ.”

“ಇಲ್ಲ. ಆದ್ರೆ...”

“ಜಾಗದಲ್ಲಿಲ್ಲದ ಚುಕ್ಕಿ ಇಟ್ಕೊಂಡು ನಾನೇನಮ್ಮ ಮಾಡ್ಲಿ?” ಅಧಿಕಾರಿ ಲೋಟ ಮತ್ತೆ ಕೈಗೆತ್ತಿಕೊಂಡರು.

“ಒಂದು ಮಾತ್ರ ಜಾಗದಲ್ಲೇ ಇದೆ ಅಂತ ಕಾಣುತ್ತೆ ಸಾರ್,” ಎಂದರು ಇಸ್ತ್ರಿ ಸಾಹೇಬರು, ಬಹಳ ಮೆತ್ತಗೆ. “ಬಿಡುವಿನಲ್ಲಿ ಕೈ ಹಾಕಿದ್ಲು ಅಂತ ನಾನು ಹೇಳಿದ್ರೆ ಯಾರೂ ನಂಬಲಿಲ್ಲ. ಈಗ ಮನೆಯವರೇ ಅಚ್ಚು ಹಾಕಿ ತಂದಿದ್ದಾರೆ.”

ಹಿಂದೆ ಯಾರೋ ಕಿಸಕ್ಕೆಂದರು. ಅಧಿಕಾರಿ ಅವಳ ಚಾರ್ಟನ್ನು ಮಡಿಸಿ ಪಕ್ಕಕ್ಕಿಟ್ಟರು. ತಂಗಿ ಎದ್ದು ನಿಂತಳು.

“ಸಾರ್, ನೀವೇ ಕೇಳಿ ಇವರನ್ನ, ನಾನು ಇವರಿಗೆ ಏನು ಕೇಡು ಮಾಡಿದ್ದೆ ಅಂತ. ಮೊದಲು ನನ್ನನ್ನ ಪ್ರೆಸ್ಸಿಗೆ ತಳ್ಳಿದ್ರು. ಆಮೇಲೆ ಚುಕ್ಕಿ ಕೆಳಗೆ ಹಾಕಿ ಮುಚ್ಚಿದ್ರು. ಇವತ್ತು ಎಳೆದು ತಂದು ಊಟದ ಹೊತ್ತಲ್ಲಿ ಕೂರಿಸಿದ್ರು. ಇವರು ಸುಮ್ನಿದ್ರೆ ಸಾಕು, ನನ್ನ ಕಷ್ಟ ನಾನು ನೋಡ್ಕೋತೀನಿ.”

ಸ್ಕೇಲಕ್ಕನಿಗೆ ನಾಚಿಕೆಯಿಂದ ಕಿವಿ ಕಾದವು. ಇಷ್ಟು ಜನರ ಎದುರು, ಅದೂ ಇವಳ ಬಾಯಲ್ಲಿ. ತಿರುಗಿ ಬೈಯೋಣವೆಂದರೆ ತಂಗಿಯ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿಲ್ಲದ ಮಾತಿಗೆ ಉತ್ತರ ಹೇಳಿ ಅವಳಿಗೆ ಗೊತ್ತಿರಲಿಲ್ಲ. ಯಾರನ್ನೂ ಇದ್ದ ಜಾಗದಿಂದ ಕದಲಿಸಬಾರದು ಅಂತ ಮೇಷ್ಟ್ರು ಎಷ್ಟು ಸಲ ಬಡಕೊಂಡಿದ್ದರು.

ಚೀಲದಿಂದ ಸ್ಕೇಲು ತೆಗೆದಳು, ಅಧಿಕಾರಿಯ ಮುಂದಿದ್ದ ಕೆಂಪು ಪೆನ್ನು ತೆಗೆದುಕೊಂಡಳು, ಗೋಡೆಯ ಮೇಲಿದ್ದ ಆಫೀಸಿನ ಚಾರ್ಟಿನ ಹತ್ತಿರ ಹೋದಳು.

“ಅದು ಆಫೀಸಿಂದು, ಮುಟ್ಟಬೇಡಿ,” ಎಂದರು ಇಸ್ತ್ರಿ ಸಾಹೇಬರು.

“ಆಫೀಸಿಂದೇ ಬೇಕು. ಇದ್ರಲ್ಲಿ ಚುಕ್ಕಿ ಅದರ ಜಾಗದಲ್ಲಿದೆ ತಾನೆ?”

“ಇದ್ದೇ ಇದೆ.”

“ಬರ್ಕೊಳ್ಳಿ ಸಾರ್. ಇದೆ ಅಂದ್ರು.”

ನಾಲ್ಕನೇ ಪ್ರೆಸ್ಸು, ಐದನೇ ಗಂಟೆಯ ಚುಕ್ಕಿಗೆ ಸ್ಕೇಲು ಹಿಡಿದು ಒಂದು ಸಣ್ಣ ಗೀಟು ಎಳೆದಳು. “ಉದ್ದನೆಯವಳು,” ಎಂದಳು. ಹಿಂದೆ ನಿಂತಿದ್ದ ಉದ್ದನೆಯ ಹೆಂಗಸು ತೋಳು ಮೇಲಕ್ಕೆ ಸರಿಸಿ ಮಣಿಕಟ್ಟಿನ ಕಲೆ ತೋರಿಸಿದಳು. ಅಧಿಕಾರಿ ಗಾಯದ ಪುಸ್ತಕದ ಹಾಳೆ ತಿರುವಿ, “ನಾಲ್ಕನೇ ಪ್ರೆಸ್ಸು, ಐದನೇ ಗಂಟೆ. ಹೌದು,” ಎಂದರು.

ಇನ್ನೊಂದು ಗೀಟು. “ಬಾಯ್ಲರಿನವನ ಹೆಂಡತಿ.”

“ಹೌದು.”

“ಕೆಲಸ ಬಿಟ್ಟು ಹೋದಳಲ್ಲ, ಹಾಡು ಹೇಳ್ತಿದ್ದೋಳು.”

“ಅದೂ ಇದೆ.”

ಅವಳಿಗೆ ಪುಸ್ತಕ ಬೇಕಾಗಲಿಲ್ಲ. ಒಬ್ಬೊಬ್ಬರಿಗೂ ಚುಕ್ಕಿ ಇಟ್ಟ ಕೈಯೇ ತಾನೆ ಅದು. ಆಮೇಲಾಮೇಲೆ ಅವಳು ಕರೆಯುವ ಮೊದಲೇ ಜನ ಮುಂದೆ ಬರತೊಡಗಿದರು. ಒಬ್ಬ ಅಂಗೈ ಬಿಚ್ಚಿ ತೋರಿಸಿದ. ಇನ್ನೊಬ್ಬಳು, “ನನ್ನದು ಬರೀ ಬೊಬ್ಬೆ, ಆದ್ರೂ ಹಾಕು,” ಎಂದಳು. ಚುಕ್ಕಿ ಇದ್ದಲ್ಲೇ ಇತ್ತು. ಸುತ್ತ ಕೆಂಪು ಕಾಲುಗಳು ತುಂಬಿದವು.

“ಸಣ್ಣಪುಟ್ಟ ಬೊಬ್ಬೆಗೆಲ್ಲ...” ಎಂದು ಇಸ್ತ್ರಿ ಸಾಹೇಬರು ಶುರು ಮಾಡಿದರು.

“ಬೇರೆ ಚುಕ್ಕಿಗಳಿಗೆ ಎಷ್ಟು ಕಾಲಮ್ಮ?” ಎಂದು ಅಧಿಕಾರಿ ನಡುವೆ ಕೇಳಿದರು.

“ಒಂಬತ್ತನೇ ಪ್ರೆಸ್ಸಿಂದಕ್ಕೆ ಕಾಲೇ ಇಲ್ಲ ಸಾರ್, ಒಬ್ಬನೇ. ಇದಕ್ಕೂ ಇಲ್ಲ. ಇದಕ್ಕೆ ಎರಡು. ಪುಸ್ತಕ ನೋಡ್ಕೊಳ್ಳಿ.”

ಅಧಿಕಾರಿ ನೋಡಿಕೊಂಡರು, ಬಹಳ ಹೊತ್ತು. ಬಿಸಿನೀರು ಆರಿಹೋಯಿತು. ಕೊನೆಗೆ ಕನ್ನಡಕ ತೆಗೆದು ಇಸ್ತ್ರಿ ಸಾಹೇಬರನ್ನು ಕೇಳಿದರು, “ಇವರೆಲ್ಲರೂ ಬಿಡುವಿನಲ್ಲೇ ಕೈ ಹಾಕಿದ್ರಾ?”

ಸಾಹೇಬರು ಅಂಗಿಯ ತೋಳು ಸರಿಮಾಡಿಕೊಂಡರು. ಉತ್ತರ ಬಂದದ್ದು ಬಾಗಿಲಿನ ಹತ್ತಿರ ನಿಂತಿದ್ದ, ಪ್ರೆಸ್ಸುಗಳಿಗೆ ಹಬೆ ಬಿಡುವ ಬಾಯ್ಲರಿನವನಿಂದ. ಬಿಡುವು ಮುಗಿದು ಹಬೆ ಬಿಟ್ಟಾಗ ಮೊದಲ ಹೊಡೆತ ನಾಲ್ಕನೆಯದಕ್ಕೇ ಬೀಳುತ್ತದೆ, ಮೇಲಿನ ಪ್ಲೇಟು ನಿಲ್ಲದೆ ಬೀಳುತ್ತದೆ, ಮೇಲಿನವರಿಗೆ ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿತ್ತು ಅಂತ ಅವನು ನೆಲ ನೋಡುತ್ತ ಹೇಳಿದ. ಅಧಿಕಾರಿ ಬರೆದುಕೊಂಡರು.

ಸ್ಕೇಲಕ್ಕ ಪೆನ್ನು ಮುಚ್ಚಿದಳು.

“ಸಾರ್, ಒಂದು ಕಾಲು ಕಮ್ಮಿ ಇದೆ,” ಎಂದಳು ತಂಗಿ ಮೂಲೆಯಿಂದ.

ಕಮ್ಮಿ ಇದ್ದದ್ದು ನಿಜ. ಆ ಒಂದು ಗೀಟು ಎಳೆಯುವುದಕ್ಕೆ ಸ್ಕೇಲಕ್ಕನ ಕೈ ಬಂದಿರಲಿಲ್ಲ. ತಂಗಿ ಎದ್ದು ಬಂದು, ಅಕ್ಕನ ಮುಖ ನೋಡದೆ ಎಡಗೈ ಚಾಚಿದಳು. ಸ್ಕೇಲಕ್ಕ ಪೆನ್ನು ಕೊಟ್ಟಳು, ಸ್ಕೇಲನ್ನೂ ಕೊಡಹೋದಳು. ತಂಗಿ ಸ್ಕೇಲು ಮುಟ್ಟಲಿಲ್ಲ. ಹಲ್ಲು ಕಚ್ಚಿ, ಅಭ್ಯಾಸವಿಲ್ಲದ ಕೈಯಲ್ಲಿ ಚುಕ್ಕಿಯಿಂದ ಹೊರಕ್ಕೆ ಒಂದು ಗೀಟು ಎಳೆದಳು. ಅದು ಸೊಟ್ಟಗೆ, ಬೇರೆ ಎಲ್ಲ ಕಾಲುಗಳಿಗಿಂತ ಉದ್ದಕ್ಕೆ, ಕೋಳಿ ಕೆದಕಿದ ಹಾಗೆ ಬಂತು.

ತಂಗಿಯ ಮೇಲಿನ ಆರೋಪ ಬಿದ್ದುಹೋಯಿತು. ಕೈಗೆ ಪರಿಹಾರ ಕೊಡಬೇಕು, ರಿಪೇರಿ ಆಗುವ ತನಕ ನಾಲ್ಕನೇ ಪ್ರೆಸ್ಸು ನಡೆಸಬಾರದು ಅಂತ ಅಧಿಕಾರಿ ಅಲ್ಲೇ ಬರೆದುಕೊಟ್ಟರು. ಸಂಜೆಯೊಳಗೆ ಅದಕ್ಕೆ ಸರಪಳಿ ಬಿತ್ತು. ಇಸ್ತ್ರಿ ಸಾಹೇಬರು ಸುಮ್ಮನಿರುವ ಜಾತಿಯಲ್ಲ, ವಾರದೊಳಗೆ ಸ್ಕೇಲಕ್ಕನನ್ನು ಗೋದಾಮಿನ ಪೆಟ್ಟಿಗೆ ಎಣಿಸುವುದಕ್ಕೆ ಹಾಕಿದರು. ಅವಳು ಸ್ಕೇಲು ಎತ್ತಿಕೊಂಡು ಹೋಗಿ ಅಲ್ಲಿಯವರ ಜೊತೆ ಜಗಳ ಶುರು ಮಾಡಿದಳು. ಅದು ಆಮೇಲಿನ ಮಾತು.

ಅವತ್ತು ಸಂಜೆ ಮನೆಗೆ ಬಂದಾಗ ಸ್ಕೇಲಕ್ಕನಿಗೆ ಎದೆ ಸ್ವಲ್ಪ ಹಗುರವಾಗಿತ್ತು. ಥ್ಯಾಂಕ್ಸು ಅನ್ನುವ ಪದ ತಂಗಿಯ ಬಾಯಲ್ಲಿ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಮ್ಮನ ಮೂಲಕವಾದರೂ ಏನಾದರೂ ಬರಬಹುದು ಅಂತ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ. ಸುಳ್ಳು ಯಾಕೆ, ಆಸೆ ಇತ್ತು.

ಹಿತ್ತಿಲಿಗೆ ಬಂದರೆ ತಂಗಿ ಎಡಗೈಯಲ್ಲಿ ನಲ್ಲಿ ತಿರುಗಿಸುವುದಕ್ಕೆ ಒದ್ದಾಡುತ್ತಿದ್ದಳು. ಅದು ಮೊದಲಿನಿಂದಲೂ ಬಿಗಿ. ಸ್ಕೇಲಕ್ಕ ಕೈ ಚಾಚಿ ತಿರುಗಿಸಿದಳು, ನೀರು ಬಂತು. ತಂಗಿ ಮೊಣಕೈಯಿಂದ ಒತ್ತಿ ಒತ್ತಿ ಅದನ್ನು ನಿಲ್ಲಿಸಿದಳು. ಮತ್ತೆ ಎಡಗೈಯಲ್ಲಿ ಹಿಡಿದು, ಮುಖವೆಲ್ಲ ಕೆಂಪಾಗುವ ತನಕ ತಿಣುಕಿ, ತಾನೇ ತಿರುಗಿಸಿಕೊಂಡಳು. ಬಕೆಟ್ಟು ಅರ್ಧ ತುಂಬುವ ತನಕ ಇಬ್ಬರೂ ನೀರು ನೋಡುತ್ತ ನಿಂತರು.

ಆಮೇಲೆ ತಂಗಿ ತಲೆ ಎತ್ತಿ ಸ್ಕೇಲಕ್ಕನ ಮುಖವನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ಮಾತಾಡಿದಳು.

“ಆ ಕಾಲುಗಳನ್ನ ನೀನು ಬಿಡದೇ ಹಾಕ್ತಾ ಬಂದಿದ್ರೆ, ಇವತ್ತು ನನ್ನ ಕಾಲು ಅದ್ರಲ್ಲಿ ಇರ್ತಿರ್ಲಿಲ್ಲ.”

ಬಕೆಟ್ಟನ್ನು ಎಡಗೈಯಲ್ಲಿ ಎತ್ತಿಕೊಂಡು, ಕಾಲಿನ ಮೇಲೆ ನೀರು ಚೆಲ್ಲಿಕೊಳ್ಳುತ್ತ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಅಮ್ಮ ಆ ಕಡೆಯ ಮೆಟ್ಟಿಲಿನಿಂದ ಸ್ಟೂಲು ಎತ್ತಿಕೊಂಡು ಬರುತ್ತಿದ್ದಳು. “ಏನಂದ್ಲೇ ಅವಳು? ಹೇಳು, ಏನು ಹೇಳಬೇಕೋ ನಾನು ಹೇಳಿ ಬರ್ತೀನಿ.”

“ನಂಗೇ ಅಂದ್ಲಮ್ಮ.”

“ನಿಂಗೇನಾ?” ಅಮ್ಮ ಸ್ಟೂಲನ್ನು ಅಲ್ಲೇ ಇಳಿಸಿದಳು. “ಮತ್ತೆ ನೀನೇನಂದೆ?”

ನಲ್ಲಿ ಹಾಗೇ ಸುರಿಯುತ್ತಿತ್ತು. ಸ್ಕೇಲಕ್ಕ ಬಗ್ಗಿ ಅದನ್ನು ನಿಲ್ಲಿಸಿದಳು.

“ಅನ್ನೋಕೆ ಏನೂ ಇಲ್ಲಮ್ಮ,” ಎಂದಳು. “ನೀನು ಒಳಗೆ ನಡಿ.”